ಕರಿಚಿರತೆಯ ಮಾಯೆ

ದಾಂಡೇಲಿ, ಜೋಯಿಡಾಗಳ ಅಡವಿಯಲ್ಲಿ ಕರಿಚಿರತೆಯು ವಾಸಿಸುವುದೆಂಬುದನ್ನು ಆ ಪ್ರಾಂತದವರು ಬಲ್ಲರು. ಅಂಥದೇ ಒಂದು ಕರಿಚಿರತೆಯು 2016ರಲ್ಲಿ ತೆರೆಕಂಡ ‘ದಿ ಜಂಗಲ್ ಬುಕ್’ ಚಲಚ್ಚಿತ್ರದಲ್ಲಿ ಮಾತನಾಡಿತು. ಬಾಲಕನನ್ನೂ ತುಸು ರಂಗಸಜ್ಜಿಕೆಯನ್ನೂ ಬಿಟ್ಟರೆ, ಅದರ ಕಾಡೂ ಮೃಗಗಳೂ ಬಹುತೇಕ ಗಣಕಯಂತ್ರದಲ್ಲಿ ಹುಟ್ಟಿದವು. ಚಿತ್ರೀಕರಣವು ಲಾಸ್ ಏಂಜಲೀಸಿನ ಸ್ಟುಡಿಯೋದೊಳಗೆ ನಡೆಯಿತು. ಮಾಯಾದೃಶ್ಯಗಳ ಕೆಲಸದಲ್ಲಿ ಎಂ.ಪಿ.ಸಿ. ಸಂಸ್ಥೆಯ ಬೆಂಗಳೂರು ಶಾಖೆಯವರೂ ಪಾಲುಗೊಂಡರು. 2017ರಲ್ಲಿ ಆ ದೃಶ್ಯಗಳಿಗೆ ಆಸ್ಕರ್ ಪಾರಿತೋಷಕವು ದೊರೆಯಿತು.

ಇಂತಹ ಮೃಗವನ್ನು ಒಬ್ಬನೇ ನಿರ್ಮಿಸಲಾರನು. ಒಬ್ಬನು ಮೈಕಟ್ಟನ್ನು ರೂಪಿಸುವನು, ಎರಡನೆಯವನು ಎಲುಬು-ಕೀಲುಗಳನ್ನು ಜೋಡಿಸುವನು, ಮೂರನೆಯವನು ನಡೆಯಿಸುವನು, ಬೇರೊಬ್ಬನು ರೋಮ ಹೊದಿಸುವನು, ಇನ್ನೊಬ್ಬನು ಬೆಳಕು ಚೆಲ್ಲುವನು, ಕಡೆಯವನು ಎಲ್ಲವನ್ನೂ ನಟನ ಚಿತ್ರದೊಡನೆ ಬೆಸೆಯುವನು. ಈ ಸಾಲಿಗೆ ‘ಪೈಪ್‌ಲೈನ್’ ಎಂದು ಹೆಸರು.

ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಕಟ್ಟಿಗೆಯು ಚೂರಾಗಿ, ಬೆಂದು ತಿರುಳಾಗಿ, ಬೆಳ್ಳಗಾಗಿ, ಹಾಳೆಯಾಗುವುದು. ಆದರೆ ಭೇದವೊಂದುಂಟು. ಹಾಳೆಯು ಮರಳಿ ಕಟ್ಟಿಗೆಯಾಗದು. ಚಿತ್ರವಾದರೋ ಮತ್ತೆ ಮತ್ತೆ ಹಿಂದಕ್ಕೆ ಹೋಗಬೇಕಾಗುವುದು. ಕರಿಚಿರತೆಯು ಬೇರೆ ಜಾತಿಯಲ್ಲ, ಮೈಬಣ್ಣ ಕಪ್ಪೇರಿದ ಚಿರತೆಯೇ. ಬಿಸಿಲು ಓರೆಯಾಗಿ ಬಿದ್ದಾಗ ಅದರ ಹೂಮಚ್ಚೆಗಳು ಕಾಣುವವು. ಬೆಳಕಿನವನು ಕೆಲಸ ಮುಗಿಸಿದ ಮೇಲೆ ಮಚ್ಚೆಯು ಸರಿಯಿಲ್ಲವೆಂದು ನಿರ್ದೇಶಕನು ಹೇಳಿದರೆ, ರೋಮದವನು ಮೊದಲಾಗಿ ಮುಂದಿನವರೆಲ್ಲರೂ ಮತ್ತೆ ದುಡಿಯಬೇಕು. ಯಾವ ಪ್ರತಿ ಹಳೆಯದು, ಯಾವುದು ಹೊಸದು ಎಂಬ ಲೆಕ್ಕ ತಪ್ಪಿತೋ, ವಾರಗಟ್ಟಲೆಯ ಶ್ರಮವು ನೀರುಪಾಲು.

ಕಾಲದ ಲೆಕ್ಕವೂ ಕಠಿಣವೇ. ಸೆಕೆಂಡಿಗೆ 24 ಚಿತ್ರಗಳಂತೆ ನಿಮಿಷಕ್ಕೆ 1,440 ಚಿತ್ರಗಳು. ಒಂದೊಂದಕ್ಕೆ ಯಂತ್ರವು 10 ತಾಸು ತೆಗೆದುಕೊಂಡಿತೆಂದು ಹಿಡಿದರೆ, ಒಂದೇ ಯಂತ್ರದಿಂದ ನಿಮಿಷದ ದೃಶ್ಯಕ್ಕೆ 600 ದಿನಗಳು ಬೇಕು! ಆದುದರಿಂದ ಅನೇಕ ಯಂತ್ರಗಳನ್ನು ಏಕಕಾಲಕ್ಕೆ ಹೂಡುವರು. ಮೊದಲು ಒರಟು ಚಿತ್ರವನ್ನು ತೋರಿಸಿ, ಒಪ್ಪಿಗೆ ಪಡೆದು, ಬಳಿಕ ನಯಗೊಳಿಸುವರು. ಈ ಕ್ರಮವನ್ನು ಗೊತ್ತುಪಡಿಸುವುದೇ ಯೋಜಕನ ಜಾಣ್ಮೆ.

2025ರ ಫೆಬ್ರವರಿಯಲ್ಲಿ, ಎಂ.ಪಿ.ಸಿ.ಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಸಮೂಹವು ಕುಸಿದಾಗ, ಬೆಂಗಳೂರು, ಮುಂಬಯಿಗಳಲ್ಲಿ ಸಾವಿರಾರು ಜನರು ಹಠಾತ್ತನೆ ಉದ್ಯೋಗ ಕಳೆದುಕೊಂಡರು. ಸಾಲಿನ ಒಂದೇ ಕೆಲಸವನ್ನು ಬಲ್ಲವನಿಗೆ ಇಂಥ ಹೊತ್ತಿನಲ್ಲಿ ಬೇರೆ ಆಶ್ರಯವು ದೊರೆಯುವುದು ಕಷ್ಟ. ಹಳಿಯಾಳ, ಮುಂಡಗೋಡಗಳಿಂದ ಮಕ್ಕಳನ್ನು ಈ ವಿದ್ಯೆಗೆ ಕಳುಹಬಯಸುವ ತಾಯಿತಂದೆಗಳು ಇದನ್ನು ಮರೆಯಲಾಗದು. ಯಂತ್ರದ ಉಪಕರಣಗಳು ವರ್ಷವರ್ಷವೂ ಬದಲಾಗುವವು. ಚಿತ್ರ ಬರೆಯುವ ಕೈ, ನೋಡಿ ತಿಳಿಯುವ ಕಣ್ಣು, ನೆರೆಯವನ ಕೆಲಸವನ್ನು ಅರಿಯುವ ಬುದ್ಧಿ ಇವು ಎಲ್ಲಿ ಹೋದರೂ ಅನ್ನವನ್ನೀಯುವವು. ಮೊದಲ ಪಾಠಕ್ಕೆ ಪಟ್ಟಣವು ಬೇಕಿಲ್ಲ. ಆಕಳು ಏಳುವಾಗ ಹಿಂಗಾಲನ್ನೂ, ಕುದುರೆಯು ಮುಂಗಾಲನ್ನೂ ಮೊದಲು ಎತ್ತುವುದು. ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು ಹುಡುಗನು ಅದನ್ನು ಬರೆಯತೊಡಗಲಿ.