ಎಣಿಕೆಯಿಂದ ಆಲೇಖಕ್ಕೆ: ಹಳಗನ್ನಡ ಪಠ್ಯಗಳೂ ಸಂಖ್ಯಾಚಿತ್ರಣದ ತಂತ್ರಾಂಶಗಳೂ

ಹಳಗನ್ನಡ ಕೃತಿಗಳು ಗಣಕಯಂತ್ರಕ್ಕೆ ಬಂದಮೇಲೆ ಅವುಗಳ ಅಕ್ಷರ, ಪದ, ಛಂದಸ್ಸುಗಳನ್ನು ಎಣಿಸಿ ಆಲೇಖವಾಗಿ ತೋರಿಸುವುದು ಸುಲಭಸಾಧ್ಯವಾಗಿದೆ. ಇದಕ್ಕೆ ಬಳಕೆಯಾಗುವ ಪ್ರಸಿದ್ಧ ಉಪಕರಣಗಳು ಕನ್ನಡವನ್ನು ಮನಸ್ಸಿನಲ್ಲಿಟ್ಟು ಹುಟ್ಟಿದವಲ್ಲ. ಗ್ನೂಪ್ಲಾಟ್ 1986ರದು. ಆರ್ ಭಾಷೆಯನ್ನು 1990ರ ದಶಕದ ಆರಂಭದಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದರು. ಪೈಥಾನ್ ಬಳಸುವವರ ಮ್ಯಾಟ್‌ಪ್ಲಾಟ್‌ಲಿಬ್ ಜಾನ್ ಹಂಟರ್ ಅವರದು. ಜಾಲಪುಟಗಳ ಆಲೇಖಗಳಿಗೆ ಆಧಾರವಾದ ಡಿ3 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಹೊರಬಂದಿತು. ಕ್ಯಾಲಿಫೋರ್ನಿಯದ ಡಬ್ಲಿನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಸ್ಟ್ಯಾನ್‌ಫರ್ಡ್ ಕೊಲ್ಲಿಯ ಆಚೆ ದಡದಲ್ಲೇ ಇದೆ. ಆದರೆ ಅಲ್ಲಿ ಸಿದ್ಧವಾದ ಉಪಕರಣಕ್ಕೆ ಶಕಟರೇಫದ ಪರಿಚಯವಿರಬೇಕೆಂದು ಯಾರೂ ನಿರೀಕ್ಷಿಸಲಾರರು. ಆ ಪರಿಚಯವನ್ನು ಮಾಡಿಸುವ ಹೊಣೆ ವಿದ್ವಾಂಸನದು.

ಮೊದಲ ತೊಡಕು ಎಣಿಕೆಯಲ್ಲೇ ಇದೆ. ‘ಸ್ತ್ರೀ’ ಎಂಬುದು ಛಂದಶ್ಶಾಸ್ತ್ರಕ್ಕೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರಚಿಹ್ನೆ ಎಂಬ ಆರು ಸಂಕೇತಗಳು. ಪೈಥಾನಾಗಲಿ ಆರ್ ಆಗಲಿ ಪದದ ಉದ್ದವನ್ನು ಕೇಳಿದರೆ ‘ಆರು’ ಎಂದೇ ಉತ್ತರಿಸುತ್ತದೆ. ಹೀಗೆಯೇ ಪದಗಳ ಉದ್ದವನ್ನು ಅಳೆದು ಆಲೇಖ ಬರೆದರೆ ಸಂಸ್ಕೃತಭೂಯಿಷ್ಠವಾದ ಚಂಪೂಕಾವ್ಯದ ಪದಗಳು ವಚನಗಳ ಪದಗಳಿಗಿಂತ ಇಲ್ಲದಷ್ಟು ನೀಳವಾಗಿ ತೋರುತ್ತವೆ. ಅಲ್ಲಿ ಅಳೆದದ್ದು ಒತ್ತಕ್ಷರಗಳನ್ನು, ಪದದೀರ್ಘತೆಯನ್ನಲ್ಲ.

ಲಿಪಿಯ ತೋರಿಕೆಯ ತೊಡಕು ಇದಕ್ಕಿಂತ ಚಿಕ್ಕದು. ಮ್ಯಾಟ್‌ಪ್ಲಾಟ್‌ಲಿಬ್ ದೀರ್ಘಕಾಲ ಸಂಕೇತಗಳನ್ನು ಒಂದರ ಪಕ್ಕ ಒಂದಾಗಿ ಇಡುತ್ತಿದ್ದುದರಿಂದ ಒತ್ತಕ್ಷರಗಳು ಕೂಡಿಕೊಳ್ಳದೆ ಒಡೆದು ಕಾಣುತ್ತಿದ್ದವು. ಪ್ಯಾಂಗೋ ಎಂಬ ಅಕ್ಷರಜೋಡಣೆಯ ಗ್ರಂಥಾಲಯವನ್ನು ಬಳಸುವ ಗ್ನೂಪ್ಲಾಟಿನ ಕೈರೋ ನಿರ್ಗಮಗಳಲ್ಲಿಯೂ, ಅಕ್ಷರಜೋಡಣೆಯನ್ನು ಜಾಲವೀಕ್ಷಕಕ್ಕೆ ಬಿಡುವ ಡಿ3ಯಲ್ಲಿಯೂ ಈ ದೋಷವಿಲ್ಲ.

ಹೆಚ್ಚು ಎಚ್ಚರ ಬೇಕಾದುದು ಱ ಮತ್ತು ೞಗಳ ವಿಷಯದಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜ ರೞ, ಕುಳ, ಕ್ಷಳಗಳನ್ನು ಬೇರೆಬೇರೆಯಾಗಿ ವಿವರಿಸಬೇಕಾಗಿ ಬಂದುದೇ ಅವುಗಳ ಭೇದ ಮಸುಳುತ್ತಿದ್ದುದಕ್ಕೆ ಸಾಕ್ಷಿಯೆನ್ನಬಹುದು. ಶತಮಾನಗಳುದ್ದಕ್ಕೂ ೞಕಾರದ ಪ್ರಮಾಣವನ್ನು ಗುರುತಿಸಿ ಇಳಿಯುವ ರೇಖೆಯೊಂದನ್ನು ಎಳೆಯುವುದು ಆಕರ್ಷಕ ಕೆಲಸ. ಆದರೆ ಬೆರಳಚ್ಚು ಮಾಡಿದವರು ‘ಪೞಗನ್ನಡ’ವನ್ನು ‘ಪಳಗನ್ನಡ’ವೆಂದು ಬರೆದಿದ್ದರೆ ಆ ಇಳಿತ ಭಾಷೆಯದಲ್ಲ, ಕೀಲಿಮಣೆಯದು. ರೇಖೆಯನ್ನು ನೋಡಿದವರಿಗೆ ಇವೆರಡರ ವ್ಯತ್ಯಾಸ ತಿಳಿಯುವ ಬಗೆಯಿಲ್ಲ. ಯೂನಿಕೋಡಿನಲ್ಲೂ ೞಕಾರಕ್ಕೆ ಆರಂಭದಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಮಾತ್ರ ಸೇರಿದೆ. ಅಕ್ಷಗಳ ಮೇಲೆ ಯೂನಿಕೋಡ್ ಹೆಸರುಗಳನ್ನೇ ಮುದ್ರಿಸುವ ತಂತ್ರಾಂಶ ೞಕಾರವನ್ನು ಫಕಾರವಾಗಿಸಿಬಿಡುತ್ತದೆ.

ಛಂದಸ್ಸಿನಲ್ಲಿ ಆಲೇಖ ನಿಜವಾಗಿ ಉಪಯುಕ್ತ. ಕಂದಪದ್ಯದ ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳು, ಒಟ್ಟು 64. ಕೃತಿಯೊಂದರ ಎಲ್ಲ ಕಂದಗಳ ಮಾತ್ರೆಗಳನ್ನೆಣಿಸಿ ಸ್ತಂಭಾಲೇಖ ಬರೆದರೆ 64ರಲ್ಲಿ ಎತ್ತರದ ಕಂಬವೊಂದು ನಿಲ್ಲಬೇಕು. ಅದರಿಂದ ದೂರ ಬಿದ್ದ ಪದ್ಯಗಳಲ್ಲಿ ಪಾಠದೋಷವನ್ನು ಹುಡುಕಬಹುದು. ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಮಾಡಬೇಕಾದ ಶೋಧಕ್ಕೆ ಇದು ಒಳ್ಳೆಯ ದಾರಿಗುರುತು. ಆದರೆ 65ರಲ್ಲಿಯೂ ಗುಂಪೊಂದು ಕಂಡರೆ ಕವಿಯನ್ನಾಗಲಿ ಲಿಪಿಕಾರನನ್ನಾಗಲಿ ದೂರುವ ಮೊದಲು ಶಿಥಿಲದ್ವಿತ್ವವನ್ನು ನೆನೆಯಬೇಕು. ‘ಪೊಗೞ್ದು’ ಎಂಬಲ್ಲಿ ಒತ್ತಕ್ಷರದ ಹಿಂದಿನ ಗಕಾರ ಲಘುವಾಗಿಯೇ ಉಳಿಯಬಲ್ಲದು. ಒತ್ತಕ್ಷರದ ಹಿಂದಿನದೆಲ್ಲ ಗುರುವೆಂದು ಕಲಿತ ಯಂತ್ರ ಅಲ್ಲಿ ಒಂದು ಮಾತ್ರೆಯನ್ನು ಹೆಚ್ಚಾಗಿ ಎಣಿಸುತ್ತದೆ. ಇಂಥ ಸ್ಥಾನಗಳನ್ನು ವಿಕಲ್ಪವೆಂದು ಗುರುತಿಸಿ ಎರಡೂ ಎಣಿಕೆಗಳನ್ನು ಬೇರೆ ಬಣ್ಣಗಳಲ್ಲಿ ತೋರಿಸುವುದು ಪ್ರಾಮಾಣಿಕ ಕ್ರಮ.

ಶಾಸನಗಳ ನಕ್ಷೆಗೂ ಇದೇ ಮಾತು. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ 1886ರಲ್ಲಿ ಪ್ರಕಟವಾಯಿತು, ಆ ಮಾಲೆಯ ಕ್ಷೇತ್ರ ಹಳೆಯ ಮೈಸೂರು ಮತ್ತು ಕೊಡಗು. ಅದೊಂದನ್ನೇ ಆಧರಿಸಿ ಚುಕ್ಕಿಗಳನ್ನಿಟ್ಟರೆ ಶಾಸನಗಳು ಮೈಸೂರು ಸಂಸ್ಥಾನದ ಗಡಿಯಲ್ಲಿ ಥಟ್ಟನೆ ನಿಂತುಹೋಗುತ್ತವೆ, ರಾಷ್ಟ್ರಕೂಟರ ರಾಜಧಾನಿಯ ಸುತ್ತಲ ನೆಲವೇ ಬರಿದಾಗುತ್ತದೆ. ಕಾಲದ ಅಕ್ಷದಲ್ಲಿ ಇನ್ನೊಂದು ಬಗೆಯ ಮೋಸ. ಶಕವರ್ಷ 863ಕ್ಕೆ 78ನ್ನು ಕೂಡಿಸಿದರೆ ಕ್ರಿ.ಶ. 941 ಸಿಗುತ್ತದೆ, ಅಲ್ಲಿ ಒಂದು ಚುಕ್ಕಿ ಸಾಕು. ಲಿಪಿಲಕ್ಷಣದಿಂದ ‘ಸುಮಾರು 9ನೆಯ ಶತಮಾನ’ ಎಂದಷ್ಟೇ ನಿರ್ಣಯಿಸಿದ ಶಾಸನಗಳನ್ನೆಲ್ಲ ತಂತ್ರಾಂಶದ ಅನುಕೂಲಕ್ಕಾಗಿ 850ರಲ್ಲಿ ರಾಶಿ ಹಾಕಿದರೆ ಆ ವರ್ಷ ದೊಡ್ಡದೊಂದು ಶಾಸನಪರ್ವ ನಡೆದಂತೆ ಕಾಣುತ್ತದೆ. ಅವುಗಳನ್ನು ಚುಕ್ಕಿಯಾಗಿಸದೆ 800ರಿಂದ 900ರವರೆಗಿನ ಅಡ್ಡಗೆರೆಗಳಾಗಿ ಎಳೆಯಬೇಕು. ಆರ್‌ನ ಜಿಜಿಪ್ಲಾಟ್‌2ರಲ್ಲಿ ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು.