ಕುತ್ತಿಗೆಯ ರಂಧ್ರದಿಂದ ಉಸಿರು: ಹೆದರುವ ಮೊದಲು ತಿಳಿಯೋಣ

“ಗಂಟಲಿಗೆ ತೂತು ಹಾಕಬೇಕು, ಸಹಿ ಮಾಡಿ” ಎಂದು ವೈದ್ಯರು ಹೇಳಿದೊಡನೆ ಮನೆಯವರ ಕೈಕಾಲು ತಣ್ಣಗಾಗುತ್ತವೆ. “ಕುತ್ತಿಗೆ ಕೊಯ್ದ ಮೇಲೆ ಇನ್ನೇನು ಉಳಿಯಿತು, ಊರಿಗೆ ಕರೆದೊಯ್ಯೋಣ” ಎನ್ನುವ ಹಿರಿಯರೂ ಇರುತ್ತಾರೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯಿಂದ ರೋಗಿಯನ್ನು ರಾಯಚೂರು, ಮಹಬೂಬನಗರ, ಕರ್ನೂಲು ಅಥವಾ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಒಯ್ದಾಗ ನಮ್ಮಲ್ಲಿ ಯಾರಿಗಾದರೂ ಈ ಮಾತು ಎದುರಾಗಬಹುದು. ಆ ಹೊತ್ತಿನಲ್ಲಿ ಭಯವೇ ತೀರ್ಮಾನ ಮಾಡಬಾರದು. ಟ್ರೇಕಿಯಾಸ್ಟಮಿ ಎಂಬ ಈ ಶಸ್ತ್ರಚಿಕಿತ್ಸೆ ಸಾವಿನ ಸೂಚನೆಯಲ್ಲ, ಉಸಿರಿಗೆ ಮಾಡಿಕೊಡುವ ಇನ್ನೊಂದು ದಾರಿ.

ನಮ್ಮ ಹೊಲಕ್ಕೂ ಇದಕ್ಕೂ ಏನು ಸಂಬಂಧ?

ಹತ್ತಿ, ತೊಗರಿ, ಭತ್ತ ಬೆಳೆಯುವ ನಮ್ಮ ಭಾಗದಲ್ಲಿ ಕೀಟನಾಶಕದ ಡಬ್ಬಿ ಇಲ್ಲದ ರೈತನ ಮನೆ ಅಪರೂಪ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಜಾತಿಯ ವಿಷ ದೇಹಕ್ಕೆ ಸೇರಿದರೆ ಜೊಲ್ಲು, ಬೆವರು, ವಾಂತಿ ಕಾಣಿಸುತ್ತವೆ. ಚಿಕಿತ್ಸೆಯಿಂದ ಇವು ತಗ್ಗಿದ ಮೇಲೂ, ಒಂದರಿಂದ ನಾಲ್ಕು ದಿನಗಳೊಳಗೆ ಸ್ನಾಯುಗಳು ಸೋತು, ತಲೆ ಎತ್ತಲಾಗದೆ, ಉಸಿರಾಟವೇ ನಿಲ್ಲಬಹುದು. 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯದ್ದ ಇದನ್ನು ವಿವರಿಸಿದರು. ಆದ್ದರಿಂದ ಎರಡನೆಯ ದಿನ ರೋಗಿ ಎದ್ದು ಕುಳಿತು ಮಾತನಾಡಿದನೆಂದು ಹಟ ಹಿಡಿದು ಮನೆಗೆ ಕರೆತರಬಾರದು.

ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಿನ ವಿಷವೂ ಹೀಗೆಯೇ. ಕಚ್ಚಿದ ಜಾಗದಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಕಣ್ಣಿನ ರೆಪ್ಪೆ ಜೋಲುತ್ತದೆ, ನುಂಗಲು ಆಗುವುದಿಲ್ಲ, ಬಳಿಕ ಉಸಿರು ಸೋಲುತ್ತದೆ. ಧನುರ್ವಾಯು, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ತಲೆಗಾದ ಪೆಟ್ಟು ಕೂಡ ರೋಗಿಯನ್ನು ವೆಂಟಿಲೇಟರಿಗೆ ತಲುಪಿಸುತ್ತವೆ.

ರಂಧ್ರ ಏಕೆ ಬೇಕು?

ಮೊದಲು ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತಾರೆ. ಆ ಕೊಳವೆ ಬಹಳ ದಿನ ಇದ್ದರೆ ಧ್ವನಿಪೆಟ್ಟಿಗೆಗೆ ಗಾಯವಾಗುತ್ತದೆ, ಬಾಯಿ ಶುಚಿ ಮಾಡುವುದು ಕಷ್ಟವಾಗುತ್ತದೆ, ರೋಗಿಗೆ ಮಂಪರು ಔಷಧ ಕೊಡುತ್ತಲೇ ಇರಬೇಕಾಗುತ್ತದೆ. ಒಂದೆರಡು ವಾರಗಳಲ್ಲಿ ಯಂತ್ರ ಬಿಡಿಸುವ ಲಕ್ಷಣ ಕಾಣದಿದ್ದರೆ ವೈದ್ಯರು ಕುತ್ತಿಗೆಯ ದಾರಿ ಸೂಚಿಸುತ್ತಾರೆ. ಇದರಿಂದ ಕಫ ತೆಗೆಯುವುದೂ ನಿಧಾನವಾಗಿ ಯಂತ್ರ ಬಿಡಿಸುವುದೂ ಸುಲಭ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹರಡಿ ಉಸಿರಾಟದ ಸ್ನಾಯುಗಳು ಸೋತವರು ಸಾಯತೊಡಗಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಈ ರಂಧ್ರದ ಮೂಲಕ ಚೀಲ ಒತ್ತಿ ಉಸಿರು ಕೊಡುವ ಕ್ರಮ ತಂದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯಲ್ಲಿ ಕೈಯಿಂದಲೇ ಚೀಲ ಒತ್ತಿದರು. ಸಾವು ಬಹಳ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಹುಟ್ಟು ಅಲ್ಲಿದೆ.

ಹೇಗೆ ಮಾಡುತ್ತಾರೆ?

ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ತೆರೆದ ಶಸ್ತ್ರಚಿಕಿತ್ಸೆ. ಅಮೆರಿಕದ ಷೆವಲಿಯರ್ ಜಾಕ್ಸನ್ 1909ರಲ್ಲಿ ಇದಕ್ಕೆ ಒಂದು ಶಿಸ್ತು ತಂದರು. ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿ, ಎದೆಗೂಡಿನ ಮೇಲಿನ ಗುಳಿಗಿಂತ ಸ್ವಲ್ಪ ಮೇಲೆ ಚರ್ಮ ಕೊಯ್ಯುತ್ತಾರೆ. ಸ್ನಾಯುಗಳನ್ನು ನಡುವಿನಲ್ಲಿ ಬೇರ್ಪಡಿಸಿ, ಥೈರಾಯ್ಡ್ ಗ್ರಂಥಿಯ ನಡುಭಾಗವನ್ನು ಸರಿಸಿ ಅಥವಾ ಕತ್ತರಿಸಿ, ಶ್ವಾಸನಾಳದ ಎರಡರಿಂದ ನಾಲ್ಕನೆಯ ಉಂಗುರಗಳ ಮಟ್ಟದಲ್ಲಿ ರಂಧ್ರ ಮಾಡಿ ಕೊಳವೆ ಕೂಡಿಸುತ್ತಾರೆ. ಮೊದಲನೆಯ ಉಂಗುರವನ್ನು ಮುಟ್ಟುವುದಿಲ್ಲ. ಅಲ್ಲಿ ಗಾಯವಾದರೆ ಮುಂದೆ ಉಸಿರಿನ ದಾರಿ ಕಿರಿದಾಗುವ ಅಪಾಯವಿದೆ.

ಎರಡನೆಯದು ಹಾಸಿಗೆಯ ಬಳಿಯೇ ಮಾಡುವ ವಿಧಾನ. 1985ರಲ್ಲಿ ಅಮೆರಿಕದ ಪಾಸ್ಕ್ವಾಲೆ ಚಾಲ್ಯಾ ಇದನ್ನು ಪ್ರಕಟಿಸಿದರು. ಸೂಜಿ ಚುಚ್ಚಿ, ಅದರೊಳಗೆ ತೆಳುವಾದ ತಂತಿ ಇಳಿಸಿ, ಆ ತಂತಿಯ ಮೇಲೆಯೇ ದಾರಿಯನ್ನು ಹಿಗ್ಗಿಸಿ ಕೊಳವೆ ಹಾಕುತ್ತಾರೆ. ಗಾಯ ಚಿಕ್ಕದು, ರೋಗಿಯನ್ನು ಶಸ್ತ್ರಚಿಕಿತ್ಸೆ ಕೋಣೆಗೆ ಸಾಗಿಸಬೇಕಿಲ್ಲ. ಕುತ್ತಿಗೆಯ ರಚನೆ ಕೈಗೆ ಸಿಗದವರಿಗೆ ತೆರೆದ ವಿಧಾನವೇ ಲೇಸು. ಚಿಕ್ಕ ಮಕ್ಕಳಿಗೂ ಸಾಮಾನ್ಯವಾಗಿ ಅದನ್ನೇ ಮಾಡುತ್ತಾರೆ: ಶ್ವಾಸನಾಳವನ್ನು ಉದ್ದಕ್ಕೆ ಸೀಳಿ, ಎರಡೂ ಬದಿಗೆ ಹೊಲಿಗೆಯ ದಾರ ಹಾಕಿ ಎದೆಯ ಮೇಲೆ ಅಂಟಿಸಿರುತ್ತಾರೆ. ಕೊಳವೆ ಜಾರಿದರೆ ವೈದ್ಯರು ಆ ದಾರ ಎಳೆದು ರಂಧ್ರ ಕಂಡುಕೊಳ್ಳುತ್ತಾರೆ. ಅದನ್ನು ಮನೆಯವರು ಮುಟ್ಟಬಾರದು.

ಅವಸರ ಯಾವಾಗ?

ಉಸಿರಿನ ದಾರಿಯೇ ಕಟ್ಟಿದ್ದರೆ ನಿಮಿಷವೂ ತಡ ಸಲ್ಲದು. ಆದರೆ ವೆಂಟಿಲೇಟರಿನಲ್ಲಿ ಸ್ಥಿರವಾಗಿರುವ ರೋಗಿಯ ವಿಷಯ ಬೇರೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ನಾಲ್ಕು ದಿನದೊಳಗೆ ಮಾಡುವುದಕ್ಕೂ ಹತ್ತು ದಿನ ಕಾಯುವುದಕ್ಕೂ ಬದುಕುಳಿಯುವವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸ್ಥಿರವಾಗಿರುವ ರೋಗಿಯ ಮನೆಯವರು ಸಮಾಧಾನವಾಗಿ ಕೇಳಿ ತಿಳಿಯಲು ಸಮಯವಿರುತ್ತದೆ. ರಕ್ತಸ್ರಾವ, ಸೋಂಕು, ಕೊಳವೆ ಜಾರುವುದು, ಕಟ್ಟಿಕೊಳ್ಳುವುದು ಇದರ ಅಪಾಯಗಳು. ವೈದ್ಯರಿಂದ ಇವನ್ನೂ ಕೇಳಿ ತಿಳಿಯಿರಿ. ತೆಲಂಗಾಣದ ಆರೋಗ್ಯಶ್ರೀ ಸೌಲಭ್ಯವುಳ್ಳವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿರಿ. ಗಡಿ ದಾಟಿ ರಾಯಚೂರಿಗೆ ಹೋಗುವಾಗ ಅಲ್ಲಿ ಅದು ನಡೆಯುವುದೇ ಎಂದು ಮೊದಲೇ ವಿಚಾರಿಸಿರಿ.

ಮಾತು ಹೋಗುವುದೇ ಎಂಬುದು ಎಲ್ಲರ ಪ್ರಶ್ನೆ. ಗಾಳಿ ಧ್ವನಿಪೆಟ್ಟಿಗೆಯನ್ನು ತಲುಪದ ಕಾರಣ ಮೊದಲು ಧ್ವನಿ ಬರುವುದಿಲ್ಲ. ಚೇತರಿಸಿದಂತೆ ವಿಶೇಷ ಮುಚ್ಚಳದಿಂದ ಅನೇಕರು ಮಾತನಾಡುತ್ತಾರೆ. ಕೊಳವೆ ತೆಗೆದ ಮೇಲೆ ರಂಧ್ರ ಬಹುಮಟ್ಟಿಗೆ ತಾನೇ ಮುಚ್ಚಿಕೊಳ್ಳುತ್ತದೆ.

ಮನೆಗೆ ಬಂದ ಮೇಲೆ

ಕೆಲವರು ಕೊಳವೆಯೊಂದಿಗೇ ಮನೆಗೆ ಬರುತ್ತಾರೆ. ಮೂಗು ಮಾಡುವ ಕೆಲಸ, ಅಂದರೆ ಧೂಳು ತಡೆದು ಗಾಳಿಗೆ ತೇವ ಕೊಡುವುದು, ಇವರಿಗೆ ಇಲ್ಲ. ಆದ್ದರಿಂದ:

• ಶೇಂಗಾ ಬಿಡಿಸುವ, ಭತ್ತ ಒಕ್ಕುವ, ಹತ್ತಿ ತುಂಬುವ ಜಾಗದಿಂದಲೂ ಕಟ್ಟಿಗೆ ಒಲೆಯ ಹೊಗೆಯಿಂದಲೂ ದೂರವಿರಲಿ. ಔಷಧ ಹೊಡೆಯುವ ಹೊಲಕ್ಕೆ ಹೋಗಲೇಬಾರದು.
• ಕಾಲುವೆ, ಕೆರೆ, ಹೊಳೆಗೆ ಇಳಿಯಬಾರದು. ಸ್ನಾನ ಮಾಡಿಸುವಾಗ ರಂಧ್ರಕ್ಕೆ ನೀರು ಸೇರದಂತೆ ನೋಡಿಕೊಳ್ಳಿರಿ.
• ಒಳಕೊಳವೆ ತೊಳೆಯುವುದನ್ನೂ ಕಫ ಎಳೆಯುವುದನ್ನೂ ಮನೆಯ ಇಬ್ಬರಾದರೂ ಆಸ್ಪತ್ರೆಯಲ್ಲೇ ಕಲಿತುಕೊಳ್ಳಿರಿ. ಕರೆಂಟು ಹೋದಾಗ ಬೇಕಾಗುವ ಕಾಲಿನಿಂದ ಒತ್ತುವ ಪಂಪಿನ ಬಗ್ಗೆಯೂ ಕೇಳಿರಿ.
• ಕೊಳವೆಯ ಪಟ್ಟಿಯ ಅಡಿಯಲ್ಲಿ ಒಂದು ಬೆರಳು ಹೋಗುವಷ್ಟು ಸಡಿಲವಿರಲಿ. ಅದೇ ಅಳತೆಯದೊಂದು, ಚಿಕ್ಕದೊಂದು ಬದಲಿ ಕೊಳವೆ ಹತ್ತಿರವಿರಲಿ.
• ಉಸಿರು ಕಟ್ಟಿದರೆ ಮೊದಲು ಒಳಕೊಳವೆ ಹೊರತೆಗೆದು ಕಫ ಎಳೆಯಿರಿ, ಕೂಡಲೇ 108ಕ್ಕೆ ಕರೆ ಮಾಡಿರಿ. ‘ಕುತ್ತಿಗೆಯಿಂದ ಉಸಿರಾಡುವ ರೋಗಿ’ ಎಂದು ಹೇಳಿರಿ. ಆಮ್ಲಜನಕವನ್ನು ಕುತ್ತಿಗೆಯ ರಂಧ್ರಕ್ಕೂ ಕೊಡಬೇಕು.

ಇಷ್ಟನ್ನು ಮನೆಯ ಹಿರಿಯರಿಗೂ ಓದಿ ಹೇಳಿರಿ. ಸಹಿಯ ಕಾಗದ ಮುಂದೆ ಬಂದಾಗ ಬಹುಪಾಲು ಅವರ ಮಾತೇ ನಡೆಯುತ್ತದೆ.