ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯ ಅರ್ಜಿ ನಿಯಮಗಳು ಮತ್ತು ಬೆಳಗಾವಿ ಜಿಲ್ಲೆ

ಇಂಡಿಯನ್ ಸಿವಿಲ್ ಸರ್ವಿಸ್ ಅಥವಾ ಐ.ಸಿ.ಎಸ್. ಎಂಬುದು ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಭಾರತದ ಉನ್ನತ ಆಡಳಿತ ಹುದ್ದೆಗಳನ್ನು ನಿರ್ವಹಿಸುತ್ತಿದ್ದ ಸೇವೆಯಾಗಿದೆ. ಜಿಲ್ಲೆಯ ಕಲೆಕ್ಟರ, ಅಸಿಸ್ಟಂಟ್ ಕಲೆಕ್ಟರ, ಜಿಲ್ಲಾ ನ್ಯಾಯಾಧೀಶ ಮೊದಲಾದ ಹುದ್ದೆಗಳು ಬಹುಮಟ್ಟಿಗೆ ಈ ಸೇವೆಯವರಿಗೆ ಮೀಸಲಾಗಿದ್ದವು. 1855ರಿಂದ ಈ ಸೇವೆಗೆ ಸ್ಪರ್ಧಾ ಪರೀಕ್ಷೆಯ ಮೂಲಕ ನೇಮಕ ಮಾಡಿಕೊಳ್ಳಲಾಗುತ್ತಿತ್ತು. ಕಾನೂನಿನ ಪ್ರಕಾರ ಪರೀಕ್ಷೆಯು ಭಾರತೀಯರಿಗೂ ತೆರೆದಿತ್ತು. ಆದರೆ ವಯೋಮಿತಿ, ವಯಸ್ಸಿನ ಪುರಾವೆ, ಪರೀಕ್ಷಾ ವಿಷಯಗಳು ಹಾಗೂ ಪರೀಕ್ಷಾ ಸ್ಥಳಕ್ಕೆ ಸಂಬಂಧಿಸಿದ ನಿಯಮಗಳು ಯಾರು ಪರೀಕ್ಷೆಗೆ ಕೂಡಬಲ್ಲರು ಎಂಬುದನ್ನು ಮೊದಲೇ ನಿರ್ಧರಿಸಿಬಿಡುತ್ತಿದ್ದವು. ಈ ಲೇಖನವು ಆ ನಿಯಮಗಳನ್ನೂ, ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪ್ರದೇಶದ ವಿದ್ಯಾರ್ಥಿಯ ಪಾಲಿಗೆ ಅವುಗಳ ಅರ್ಥವೇನಾಗಿತ್ತು ಎಂಬುದನ್ನೂ ವಿವರಿಸುತ್ತದೆ.

ಹಿನ್ನೆಲೆ

ಸ್ಪರ್ಧಾ ಪರೀಕ್ಷೆ ಬರುವುದಕ್ಕೆ ಮೊದಲು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮ್ಮ ಬಂಧುಮಿತ್ರರ ಮಕ್ಕಳನ್ನು ಸೇವೆಗೆ ನಾಮಕರಣ ಮಾಡುತ್ತಿದ್ದರು. ಹೀಗೆ ಆಯ್ಕೆಯಾದವರು ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ತರಬೇತಿ ಪಡೆದು ಭಾರತಕ್ಕೆ ಬರುತ್ತಿದ್ದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಯುದ್ಧದಲ್ಲಿ ಮಡಿದ ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆ ಮತ್ತು ಅಲ್ಲಿ ಸೆರೆಸಿಕ್ಕು ಮುಂದೆ ಶಾಸನ ಸಂಗ್ರಾಹಕನಾಗಿ ಹೆಸರಾದ ವಾಲ್ಟರ್ ಎಲಿಯಟ್ ಇಬ್ಬರೂ ಈ ನಾಮಕರಣದ ಕಾಲಕ್ಕೆ ಸೇರಿದವರು.

1853ರ ಚಾರ್ಟರ್ ಕಾಯಿದೆಯು ನಿರ್ದೇಶಕರ ಈ ಅಧಿಕಾರವನ್ನು ತೆಗೆದುಹಾಕಿತು. ಮೆಕಾಲೆಯ ನೇತೃತ್ವದ ಸಮಿತಿಯು 1854ರಲ್ಲಿ ಪರೀಕ್ಷೆಯ ಸ್ವರೂಪವನ್ನು ರೂಪಿಸಿತು. 1855ರಲ್ಲಿ ಮೊದಲ ಪರೀಕ್ಷೆ ಲಂಡನ್ನಿನಲ್ಲಿ ನಡೆಯಿತು. ಕೆಲವು ವರ್ಷಗಳ ಅನಂತರ ಪರೀಕ್ಷೆಯ ಹೊಣೆಯು ಲಂಡನ್ನಿನ ಸಿವಿಲ್ ಸರ್ವಿಸ್ ಕಮಿಷನರುಗಳಿಗೆ ಬಂದಿತು.

1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಬೆಳಗಾವಿ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಏಳು ತಾಲ್ಲೂಕುಗಳಿದ್ದವು. ಅವುಗಳಲ್ಲಿ ಗೋಕಾಕ ಒಂದು. ಮೂಡಲಗಿಯು ಗೋಕಾಕ ತಾಲ್ಲೂಕಿಗೆ ಸೇರಿತ್ತು. ಹುಕ್ಕೇರಿಯು ಆಗ ಚಿಕ್ಕೋಡಿ ತಾಲ್ಲೂಕಿನ ಭಾಗವಾಗಿತ್ತು.

ಅರ್ಜಿಯೊಂದಿಗೆ ಸಲ್ಲಿಸಬೇಕಾದ ಪತ್ರಗಳು

ಅಭ್ಯರ್ಥಿಯು ನಿಗದಿತ ದಿನಾಂಕದೊಳಗೆ ಅರ್ಜಿಯನ್ನು ಲಂಡನ್ನಿನ ಕಮಿಷನರುಗಳಿಗೆ ತಲುಪಿಸಬೇಕಾಗಿತ್ತು. ಅರ್ಜಿಗೆ ಸಂಬಂಧಿಸಿದ ಮುಖ್ಯ ಷರತ್ತುಗಳು ಇವು:

- ಅಭ್ಯರ್ಥಿಯು ಬ್ರಿಟಿಷ್ ಪ್ರಜೆಯಾಗಿರಬೇಕು.
- ಜನನದ ಪುರಾವೆಯನ್ನು ಒದಗಿಸಿ, ವಯಸ್ಸು ನಿಗದಿತ ಮಿತಿಯೊಳಗಿದೆ ಎಂದು ತೋರಿಸಬೇಕು.
- ಸೇವೆಗೆ ಅಡ್ಡಿಯಾಗುವ ರೋಗ ಅಥವಾ ಅಂಗದೋಷ ಇಲ್ಲವೆಂಬ ವೈದ್ಯಕೀಯ ದೃಢೀಕರಣ ಇರಬೇಕು.
- ಸನ್ನಡತೆಯ ಪ್ರಮಾಣಪತ್ರ ಇರಬೇಕು.
- ತಾನು ಬರೆಯಲಿರುವ ವಿಷಯಗಳನ್ನು ಮೊದಲೇ ತಿಳಿಸಿ, ಶುಲ್ಕ ಕಟ್ಟಬೇಕು.

ಭಾರತೀಯ ಅಭ್ಯರ್ಥಿಗೆ ಇನ್ನೊಂದು ಷರತ್ತು ಇತ್ತು. ಅವನ ವಯಸ್ಸು ಮತ್ತು ಪ್ರಜಾತ್ವವನ್ನು ಪ್ರಾಂತ್ಯ ಸರ್ಕಾರದ ಕಾರ್ಯದರ್ಶಿ ಅಥವಾ ಕುಟುಂಬವು ವಾಸಿಸುವ ವಿಭಾಗದ ಕಮಿಷನರ ದೃಢೀಕರಿಸಬೇಕಾಗಿತ್ತು. ಕುಟುಂಬವು ದೇಶೀ ಸಂಸ್ಥಾನದಲ್ಲಿದ್ದರೆ ಆ ಸಂಸ್ಥಾನಕ್ಕೆ ನಿಯುಕ್ತನಾದ ಹಿರಿಯ ರಾಜಕೀಯ ಅಧಿಕಾರಿ ಈ ಪತ್ರ ನೀಡಬೇಕಾಗಿತ್ತು. ಮುಂಬಯಿ ಪ್ರಾಂತ್ಯದ ದಕ್ಷಿಣ ವಿಭಾಗದ ಕಮಿಷನರ ಕಚೇರಿಯು ಬೆಳಗಾವಿಯಲ್ಲಿಯೇ ಇದ್ದುದರಿಂದ ಗೋಕಾಕ ಅಥವಾ ಹುಕ್ಕೇರಿಯ ಕುಟುಂಬಕ್ಕೆ ಆ ಕಚೇರಿ ದೂರವಾಗಿರಲಿಲ್ಲ. ಆದರೆ ಮೂಡಲಗಿಯ ಸಮೀಪದ ಮುಧೋಳವು ದಕ್ಷಿಣ ಮರಾಠಾ ಸಂಸ್ಥಾನಗಳಲ್ಲಿ ಒಂದಾಗಿದ್ದ ಕಾರಣ ಅಲ್ಲಿ ನೆಲೆಸಿದ ಕುಟುಂಬವು ಕೊಲ್ಲಾಪುರದ ಪೊಲಿಟಿಕಲ್ ಏಜಂಟನನ್ನು ಆಶ್ರಯಿಸಬೇಕಾಗಿತ್ತು. ಒಂದೇ ಭಾಷೆಯ, ಒಂದೇ ಸಂತೆಯ ಎರಡು ಊರುಗಳ ನಡುವೆ ಅರ್ಜಿಯ ದಾರಿಯು ಹೀಗೆ ಕವಲೊಡೆಯುತ್ತಿತ್ತು.

ವಯೋಮಿತಿ

ನಿಯಮಗಳಲ್ಲಿ ಅತಿ ಹೆಚ್ಚು ಬಾರಿ ಬದಲಾದುದು ಮತ್ತು ಅತಿ ಹೆಚ್ಚು ವಿವಾದಕ್ಕೆ ಒಳಗಾದುದು ವಯೋಮಿತಿ. 1855ರಲ್ಲಿ ಅದು 18ರಿಂದ 23 ವರ್ಷ ಇತ್ತು. ಅನಂತರ ಗರಿಷ್ಠ ಮಿತಿಯನ್ನು 22ಕ್ಕೆ, 1866ರಲ್ಲಿ 21ಕ್ಕೆ ಇಳಿಸಲಾಯಿತು. 1878ರಿಂದ 17ರಿಂದ 19 ವರ್ಷ ಎಂದು ಗೊತ್ತುಮಾಡಲಾಯಿತು. 1892ರಲ್ಲಿ 21ರಿಂದ 23ಕ್ಕೂ, 1906ರಲ್ಲಿ 22ರಿಂದ 24ಕ್ಕೂ ಏರಿಸಲಾಯಿತು.

ಈ ಅಂಕಿಗಳನ್ನು ಭಾರತದ ಶಿಕ್ಷಣ ಕ್ರಮದ ಪಕ್ಕದಲ್ಲಿಟ್ಟು ನೋಡಿದಾಗ ಅವುಗಳ ಪರಿಣಾಮ ಸ್ಪಷ್ಟವಾಗುತ್ತದೆ. ಮೆಟ್ರಿಕ್ಯುಲೇಷನ್ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಗೆ ಸಾಮಾನ್ಯವಾಗಿ 16 ಅಥವಾ 17 ವರ್ಷ ತುಂಬಿರುತ್ತಿತ್ತು. ಬಿ.ಎ. ಪದವಿ ಪಡೆಯುವ ಹೊತ್ತಿಗೆ 20 ದಾಟುತ್ತಿತ್ತು. ಗರಿಷ್ಠ ಮಿತಿ 19 ಆಗಿದ್ದಾಗ ಪದವಿ ಮುಗಿಸಿ ಪರೀಕ್ಷೆಗೆ ಹೋಗುವುದು ಅಸಾಧ್ಯವಾಗಿತ್ತು. ಹುಡುಗನನ್ನು ಶಾಲೆಯಲ್ಲಿದ್ದಾಗಲೇ ಇಂಗ್ಲೆಂಡಿಗೆ ಕಳುಹಿಸುವ ಶಕ್ತಿಯುಳ್ಳ ಕುಟುಂಬಕ್ಕೆ ಮಾತ್ರ ಆ ದಾರಿ ಉಳಿಯಿತು. ಈ ಇಳಿಕೆಯನ್ನು ವಿರೋಧಿಸಿ ಸುರೇಂದ್ರನಾಥ ಬ್ಯಾನರ್ಜಿಯವರು 1877ರಲ್ಲಿ ದೇಶದಾದ್ಯಂತ ಪ್ರವಾಸ ಕೈಗೊಂಡರು.

ವಯಸ್ಸಿನ ಲೆಕ್ಕ ಮತ್ತು 1869ರ ವಿವಾದ

ವಯಸ್ಸನ್ನು ಎಣಿಸುವ ಕ್ರಮವೂ ತೊಡಕನ್ನು ಒಡ್ಡಿತ್ತು. ಜಾತಕದ ಲೆಕ್ಕದಲ್ಲಿ ನಡೆಯುತ್ತಿರುವ ವರ್ಷವನ್ನು ಹೇಳುವುದು ರೂಢಿ. ‘ಹುಡುಗನಿಗೆ ಹದಿನಾರನೆಯ ವರ್ಷ’ ಎಂದರೆ ಅವನಿಗೆ ತುಂಬಿರುವುದು ಹದಿನೈದು. ಇಂಗ್ಲಿಷ್ ಲೆಕ್ಕದಲ್ಲಿ ತುಂಬಿದ ವರ್ಷವನ್ನಷ್ಟೇ ಹೇಳಲಾಗುತ್ತದೆ.

1869ರ ಪರೀಕ್ಷೆಯಲ್ಲಿ ನಾಲ್ವರು ಭಾರತೀಯರು ತೇರ್ಗಡೆಯಾದರು: ರಮೇಶಚಂದ್ರ ದತ್ತ, ಬಿಹಾರಿಲಾಲ ಗುಪ್ತ, ಸುರೇಂದ್ರನಾಥ ಬ್ಯಾನರ್ಜಿ ಮತ್ತು ಶ್ರೀಪಾದ ಬಾಬಾಜಿ ಠಾಕೂರ. ಇವರಲ್ಲಿ ಕೊನೆಯ ಇಬ್ಬರು ವಯೋಮಿತಿ ಮೀರಿದ್ದಾರೆಂದು ಕಮಿಷನರುಗಳು ಅವರನ್ನು ಅನರ್ಹಗೊಳಿಸಿದರು. ಬ್ಯಾನರ್ಜಿಯವರ ಮೆಟ್ರಿಕ್ಯುಲೇಷನ್ ದಾಖಲೆಯಲ್ಲಿ ಬರೆದಿದ್ದುದು ನಡೆಯುತ್ತಿದ್ದ ವರ್ಷ. ಅದನ್ನು ತುಂಬಿದ ವರ್ಷವೆಂದು ಓದಿದುದರಿಂದ ಈ ತೊಂದರೆ ಉಂಟಾಯಿತು. ಅವರು ಲಂಡನ್ನಿನ ನ್ಯಾಯಾಲಯದ ಮೊರೆಹೊಕ್ಕರು. ಕೊನೆಗೆ ಇಬ್ಬರನ್ನೂ ಮತ್ತೆ ಸೇರಿಸಿಕೊಳ್ಳಲಾಯಿತು. ಶಾಲೆಗೆ ಸೇರುವ ದಿನ ಮಾಸ್ತರರು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುವ ಒಂದು ಅಂಕಿ ಹತ್ತಾರು ವರ್ಷಗಳ ಅನಂತರ ಒಬ್ಬನ ಬದುಕಿನ ದಿಕ್ಕನ್ನು ಬದಲಿಸಬಲ್ಲದು ಎಂಬುದಕ್ಕೆ ಈ ಪ್ರಕರಣ ನಿದರ್ಶನವಾಗಿದೆ.

ಪರೀಕ್ಷೆಯ ವಿಷಯಗಳು

ಮೆಕಾಲೆ ಸಮಿತಿಯು ಸೂಚಿಸಿದ ಒಟ್ಟು ಅಂಕಗಳು 6,875. ಇಂಗ್ಲಿಷ್ ಭಾಷೆ, ಸಾಹಿತ್ಯ ಮತ್ತು ಇತಿಹಾಸಕ್ಕೆ ಒಟ್ಟು 1,500, ಗಣಿತಕ್ಕೆ 1,000, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ತಲಾ 750 ಅಂಕಗಳಿದ್ದವು. ಸಂಸ್ಕೃತ ಮತ್ತು ಅರಬ್ಬಿಗೆ ತಲಾ 375 ಮಾತ್ರ. ಎಲ್ಲ ವಿಷಯಗಳನ್ನೂ ಬರೆಯಬೇಕೆಂಬ ಕಡ್ಡಾಯ ಇರಲಿಲ್ಲ. ಆದರೂ ಗ್ರೀಕ್, ಲ್ಯಾಟಿನ್ ಕಲಿಸುವ ಶಾಲೆಯಲ್ಲಿ ಓದಿದವನಿಗೆ ದೊರೆಯುತ್ತಿದ್ದ ಅವಕಾಶವು ಸಂಸ್ಕೃತ ಓದಿದವನಿಗೆ ದೊರೆಯುತ್ತಿದ್ದ ಅವಕಾಶದ ಎರಡರಷ್ಟಾಗಿತ್ತು. ಕನ್ನಡಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ಪರೀಕ್ಷಾ ಸ್ಥಳ ಮತ್ತು ವೆಚ್ಚ

1922ರವರೆಗೆ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಸಮುದ್ರಯಾನದ ಖರ್ಚು, ಅಲ್ಲಿ ವರ್ಷಗಟ್ಟಲೆ ಉಳಿದು ಓದುವ ಖರ್ಚು ಹಾಗೂ ಸೋಲುವ ಸಾಧ್ಯತೆ ಮೂರನ್ನೂ ಕುಟುಂಬವೇ ಹೊರಬೇಕಾಗಿತ್ತು. ಸಮುದ್ರ ದಾಟಿದವರನ್ನು ಜಾತಿಯಿಂದ ಹೊರಗಿಡುವ, ಪ್ರಾಯಶ್ಚಿತ್ತ ವಿಧಿಸುವ ಸಂಪ್ರದಾಯವೂ ಹಲವು ಸಮುದಾಯಗಳಲ್ಲಿ ಬಲವಾಗಿತ್ತು. ಭಾರತ ಮತ್ತು ಇಂಗ್ಲೆಂಡ್‌ಗಳಲ್ಲಿ ಏಕಕಾಲಕ್ಕೆ ಪರೀಕ್ಷೆ ನಡೆಸಬೇಕೆಂದು ಕಾಂಗ್ರೆಸ್ 1885ರ ತನ್ನ ಮೊದಲ ಅಧಿವೇಶನದಲ್ಲಿಯೇ ಒತ್ತಾಯಿಸಿತು. 1893ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆ ಇದಕ್ಕೆ ಒಪ್ಪಿ ನಿರ್ಣಯ ಅಂಗೀಕರಿಸಿದರೂ ಸರ್ಕಾರ ಅದನ್ನು ಜಾರಿಗೊಳಿಸಲಿಲ್ಲ.

ಗೋಕಾಕ, ಹುಕ್ಕೇರಿ ಭಾಗದ ವಿದ್ಯಾರ್ಥಿಗೆ ಲಂಡನ್ನಿಗಿಂತ ಮೊದಲು ಪುಣೆ ಅಥವಾ ಮುಂಬಯಿಯೇ ದೂರವಾಗಿತ್ತು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾದರೂ ಮುಂಬಯಿ ಕರ್ನಾಟಕಕ್ಕೆ ಕಾಲೇಜು ಬಂದುದು 1917ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜಿನ ಮೂಲಕ. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಆರಂಭವಾದುದು 1933ರಲ್ಲಿ.

ಆಯ್ಕೆಯ ನಂತರದ ಷರತ್ತುಗಳು

ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಂಗ್ಲೆಂಡಿನಲ್ಲಿ ಒಂದೆರಡು ವರ್ಷಗಳ ಪರಿವೀಕ್ಷಣಾ ಅವಧಿಯನ್ನು ಕಳೆದು, ಭಾರತದ ಕಾನೂನು, ಇತಿಹಾಸ ಮತ್ತು ತಾವು ಹೋಗಲಿರುವ ಪ್ರಾಂತ್ಯದ ಭಾಷೆಯಲ್ಲಿ ಅಂತಿಮ ಪರೀಕ್ಷೆ ಕೊಡಬೇಕಾಗಿತ್ತು. ಕುದುರೆ ಸವಾರಿಯ ಪರೀಕ್ಷೆಯೂ ಕಡ್ಡಾಯವಾಗಿತ್ತು. 1890ರಲ್ಲಿ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಅರವಿಂದ ಘೋಷರು ಸವಾರಿ ಪರೀಕ್ಷೆಯನ್ನು ಪೂರೈಸದೆ 1892ರಲ್ಲಿ ಸೇವೆಯಿಂದ ಹೊರಗುಳಿದರು.

ಸೇವೆಗೆ ಸೇರಿದ ಅಧಿಕಾರಿಯು ಜಿಲ್ಲೆಗೆ ಬಂದ ಮೇಲೆ ಇಲಾಖಾ ಪರೀಕ್ಷೆಗಳಲ್ಲಿ ಸ್ಥಳೀಯ ಭಾಷೆಯನ್ನೂ ಬರೆಯಬೇಕಾಗಿತ್ತು. ಪ್ರವೇಶ ಪರೀಕ್ಷೆಯಲ್ಲಿ ಬೆಲೆಯಿಲ್ಲದ ಕನ್ನಡಕ್ಕೆ ಬೆಲೆ ಬರುತ್ತಿದ್ದುದು ಇಲ್ಲಿ. 1867ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆಗೆ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಈ ಭಾಗದಲ್ಲಿ ಕೆಲಸ ಮಾಡುತ್ತಾ ಕನ್ನಡ ಶಾಸನಗಳ ಪ್ರಮುಖ ವಿದ್ವಾಂಸನಾದನು. ಸಂಗೊಳ್ಳಿ ರಾಯಣ್ಣ ಮತ್ತು ಹಲಗಲಿ ಬೇಡರ ಕುರಿತ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದನು. ಸೇವೆಗೆ ಆಯ್ಕೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು 1863ರಲ್ಲಿ ತೇರ್ಗಡೆಯಾಗಿ ಮುಂಬಯಿ ಪ್ರಾಂತ್ಯಕ್ಕೆ ಬಂದರು. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿಯೂ ಇದ್ದರು.

ಮುಲ್ಕಿ ಪರೀಕ್ಷೆ

ಗೋಕಾಕ, ಹುಕ್ಕೇರಿ ಭಾಗದ ಸಾಮಾನ್ಯ ಕುಟುಂಬದ ಹುಡುಗನಿಗೆ ನಿಜವಾಗಿ ಎಟುಕುತ್ತಿದ್ದುದು ಬೇರೆಯೇ ಒಂದು ಪರೀಕ್ಷೆ. ಕನ್ನಡ ಏಳನೆಯ ಇಯತ್ತೆಯ ಕೊನೆಯಲ್ಲಿ ನಡೆಯುತ್ತಿದ್ದ ಅದನ್ನು ಜನರು ‘ಮುಲ್ಕಿ’ ಎಂದು ಕರೆಯುತ್ತಿದ್ದರು. ಅದರಲ್ಲಿ ತೇರ್ಗಡೆಯಾದವರು ಕನ್ನಡ ಶಾಲೆಯ ಮಾಸ್ತರ, ತಲಾಠಿ ಮತ್ತು ಕಾರಕೂನ ಹುದ್ದೆಗಳಿಗೆ ಅರ್ಹರಾಗುತ್ತಿದ್ದರು. ‘ಮುಲ್ಕಿ ಪಾಸಾದವರು’ ಎಂಬ ಮಾತಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ಗೌರವವಿತ್ತು.

‘ಮುಲ್ಕಿ’ ಎಂಬ ಶಬ್ದವು ನಾಡು ಎಂಬ ಅರ್ಥದ ‘ಮುಲ್ಕ್’ ಎಂಬುದರಿಂದ ಬಂದಿದೆ. ಸೈನ್ಯಕ್ಕೆ ಸೇರದ ನಾಗರಿಕ, ಕಂದಾಯ ಆಡಳಿತ ಎಂಬುದು ಅದರ ಅರ್ಥ. ‘ಸಿವಿಲ್’ ಎಂಬ ಇಂಗ್ಲಿಷ್ ಶಬ್ದದ ಅರ್ಥವೂ ಹೆಚ್ಚುಕಡಿಮೆ ಇದೇ. ಆಡಳಿತದ ಏಣಿಯ ತುದಿಯಲ್ಲಿದ್ದ ಪರೀಕ್ಷೆಗೂ ಬುಡದಲ್ಲಿದ್ದ ಪರೀಕ್ಷೆಗೂ ಹೀಗೆ ಒಂದೇ ಅರ್ಥದ ಹೆಸರಿತ್ತು. ಮೊದಲನೆಯದಕ್ಕೆ ಲಂಡನ್ನಿಗೆ ಹೋಗಬೇಕಾಗಿತ್ತು. ಎರಡನೆಯದಕ್ಕೆ ಕನ್ನಡ ಶಾಲೆಯೇ ಸಾಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹ ಶಿಕ್ಷಣಾಧಿಕಾರಿಗಳ ಪ್ರಯತ್ನದಿಂದ ಈ ಭಾಗದಲ್ಲಿ ಹೆಚ್ಚಿದ ಕನ್ನಡ ಶಾಲೆಗಳು ಈ ಎರಡನೆಯ ದಾರಿಯನ್ನು ಅಗಲಗೊಳಿಸಿದವು.

ಇವೆರಡರ ನಡುವಿನ ಅಂತರವನ್ನು ತುಂಬಲು ಸರ್ಕಾರವೂ ಕೆಲವು ಕ್ರಮಗಳನ್ನು ಕೈಗೊಂಡಿತು. 1879ರ ನಿಯಮಗಳಂತೆ ಉನ್ನತ ಹುದ್ದೆಗಳ ಆರನೆಯ ಒಂದು ಭಾಗದವರೆಗೆ ಭಾರತೀಯರನ್ನು ನಾಮಕರಣದ ಮೂಲಕ ನೇಮಿಸುವ ಸ್ಟ್ಯಾಚ್ಯುಟರಿ ಸಿವಿಲ್ ಸರ್ವಿಸ್ ಆರಂಭವಾಯಿತು. 1886ರಲ್ಲಿ ನೇಮಕವಾದ ಐಚಿಸನ್ ಆಯೋಗದ ಶಿಫಾರಸಿನಂತೆ ಅದನ್ನು ಕೈಬಿಟ್ಟು ಪ್ರಾಂತೀಯ ಸೇವೆಯನ್ನು ರಚಿಸಲಾಯಿತು.

ಮೈಸೂರು ಸಂಸ್ಥಾನದ ಪರೀಕ್ಷೆ

ಮೈಸೂರು ಸಂಸ್ಥಾನವು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ತನ್ನದೇ ಸಿವಿಲ್ ಸೇವಾ ಪರೀಕ್ಷೆಯನ್ನು ಆರಂಭಿಸಿತು. ಸಮುದ್ರ ದಾಟದೆ, ಭಾರತದಲ್ಲಿ ಪಡೆದ ಪದವಿಯ ಆಧಾರದಿಂದಲೇ ಉನ್ನತ ಹುದ್ದೆಗೆ ಸ್ಪರ್ಧಿಸಲು ಅಲ್ಲಿ ಸಾಧ್ಯವಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಈ ಸೇವೆಗೆ ಸೇರಿದವರು. ಲಂಡನ್ನಿನ ಮಾರ್ಗ ಹಿಡಿದ ಕರ್ನಾಟಕದವರಲ್ಲಿ ದಕ್ಷಿಣ ಕನ್ನಡ ಮೂಲದ ಸಹೋದರರಾದ ಬೆನೆಗಲ್ ನರಸಿಂಗ ರಾವ್ ಮತ್ತು ಬೆನೆಗಲ್ ರಾಮ ರಾವ್ ಪ್ರಸಿದ್ಧರು. ನರಸಿಂಗ ರಾವ್ ಮುಂದೆ ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ರಾಮ ರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು.

ನಂತರದ ಬದಲಾವಣೆಗಳು

1922ರಲ್ಲಿ ಅಲಹಾಬಾದಿನಲ್ಲಿ ಭಾರತದ ಮೊದಲ ಐ.ಸಿ.ಎಸ್. ಪರೀಕ್ಷೆ ನಡೆಯಿತು. 1926ರಲ್ಲಿ ಲೋಕಸೇವಾ ಆಯೋಗ ಸ್ಥಾಪನೆಯಾಯಿತು. ಪರೀಕ್ಷಾ ಕೇಂದ್ರವು ಮುಂದೆ ದೆಹಲಿಗೆ ಬಂದಿತು. ಸ್ವಾತಂತ್ರ್ಯಾನಂತರ ಐ.ಸಿ.ಎಸ್. ಸ್ಥಾನದಲ್ಲಿ ಭಾರತೀಯ ಆಡಳಿತ ಸೇವೆಯು ನೆಲೆಗೊಂಡಿತು. ಅದರ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗವು ನಡೆಸುತ್ತಿದೆ.

ಹಳೆಯ ಷರತ್ತುಗಳ ಚೌಕಟ್ಟು ಇಂದಿಗೂ ಉಳಿದಿದೆ: ಪ್ರಜಾತ್ವ, ವಯಸ್ಸು, ಅದರ ದಾಖಲೆ, ಆರೋಗ್ಯ, ಶುಲ್ಕ. ಬದಲಾದುದು ಆ ಚೌಕಟ್ಟಿನ ಅಳತೆ. ಸಾಮಾನ್ಯ ವರ್ಗದ ಅಭ್ಯರ್ಥಿಗೆ ಈಗ ವಯೋಮಿತಿ 21ರಿಂದ 32 ವರ್ಷ. ಮೀಸಲಾತಿಗೆ ಒಳಪಟ್ಟ ವರ್ಗಗಳಿಗೆ ಮತ್ತಷ್ಟು ಸಡಿಲಿಕೆಯಿದೆ. ಪ್ರಾಥಮಿಕ ಪರೀಕ್ಷೆಯನ್ನು ಧಾರವಾಡದಲ್ಲಿ ಬರೆಯಬಹುದಾಗಿದೆ. 1979ರಿಂದ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಬರೆಯಲು ಅವಕಾಶವಿದ್ದು, ಆ ಭಾಷೆಗಳಲ್ಲಿ ಕನ್ನಡವೂ ಒಂದಾಗಿದೆ.